ಗಾವೊಕಾವೊ: ಪರೀಕ್ಷೆ ಎಲ್ಲರಿಗೂ ಒಂದೇ, ಸರತಿ ಸಾಲು ಮಾತ್ರ ಬೇರೆ

2025ರ ಏಪ್ರಿಲ್ ಕೊನೆಗೆ ಬೀಜಿಂಗ್‌ನ ದೊಡ್ಡ ಆಸ್ಪತ್ರೆಯೊಂದರ ಸರ್ಜನ್ ಮೇಲೆ ಅವರ ಹೆಂಡತಿಯೇ ದೂರು ಕೊಟ್ಟರು. ಮೊದಲಿಗೆ ಅದು ಗಂಡ ಹೆಂಡಿರ ಜಗಳದ ಸುದ್ದಿ ಅಷ್ಟೇ. ಆದರೆ ಜನ ಬೇಗನೆ ಸರ್ಜನ್‌ನನ್ನು ಬಿಟ್ಟು, ದೂರಿನಲ್ಲಿ ಬಂದ ಯುವ ವೈದ್ಯೆಯ ಓದಿನ ಬೆನ್ನು ಹತ್ತಿದರು. ಅಮೆರಿಕದಲ್ಲಿ ಅರ್ಥಶಾಸ್ತ್ರ ಓದಿದ್ದವರು ಅವರು. ಚೀನಾದ ಅತ್ಯಂತ ಹೆಸರುವಾಸಿ ವೈದ್ಯ ಕಾಲೇಜಿನಲ್ಲಿ ‘4+4’ ಎಂಬ ವಿಶೇಷ ಕೋರ್ಸಿಗೆ (ಬೇರೆ ವಿಷಯದಲ್ಲಿ ನಾಲ್ಕು ವರ್ಷದ ಪದವಿ, ಅದರ ಮೇಲೆ ನಾಲ್ಕು ವರ್ಷದ ವೈದ್ಯ ಓದು) ಸೇರಿ ನಾಲ್ಕೇ ವರ್ಷಕ್ಕೆ ಡಾಕ್ಟರ್ ಆಗಿದ್ದರು. ಅದು ಹೇಗೆ? ಮನೆಯವರ ಕೈವಾಡ ಇದೆಯಾ? ಸರ್ಕಾರ ತನಿಖೆ ಮಾಡಿಸಿತು. ಪ್ರವೇಶಕ್ಕೆ ಕೊಟ್ಟ ಅಂಕಪಟ್ಟಿಯೇ ಸುಳ್ಳು ಎಂದು ಗೊತ್ತಾಯಿತು. ಪದವಿಯೂ ಹೋಯಿತು, ವೈದ್ಯ ಪರವಾನಗಿಯೂ ಹೋಯಿತು.

ಇದೇ ಗಲಾಟೆಯ ನಡುವೆ ಜೂನ್ 7 ಬಂತು. ಆ ವರ್ಷ ಕಾಲೇಜು ಪ್ರವೇಶ ಪರೀಕ್ಷೆ ಗಾವೊಕಾವೊಗೆ ಹೆಸರು ಕೊಟ್ಟಿದ್ದವರು 1 ಕೋಟಿ 33.5 ಲಕ್ಷ ಮಕ್ಕಳು. ನಮ್ಮ ನೀಟ್ ಬರೆಯುವವರು 20 ಲಕ್ಷ ಚಿಲ್ಲರೆ. ಇದು ಎಷ್ಟು ದೊಡ್ಡದು ಎಂದು ಅದರಿಂದಲೇ ಅಂದಾಜು ಮಾಡಬಹುದು. ಪರೀಕ್ಷಾ ಕೇಂದ್ರಗಳ ಸುತ್ತ ಗಾಡಿಗಳು ಹಾರ್ನ್ ಹೊಡೆಯುವಂತಿಲ್ಲ, ಕಟ್ಟಡ ಕೆಲಸ ನಡೆಯುವಂತಿಲ್ಲ. ಫೋಟೊ ನೋಡಿ ಉತ್ತರ ಹೇಳುವ ಎಐ ಸೌಲಭ್ಯವನ್ನೂ ಚೀನಾದ ದೊಡ್ಡ ಕಂಪನಿಗಳು ಆ ದಿನಗಳಲ್ಲಿ ಬಂದ್ ಮಾಡಿದವು.

ಎರಡೂ ಸುದ್ದಿಯನ್ನು ಒಟ್ಟಿಗೆ ಓದಿದರೆ ತಲೆ ಗಿರ್ರೆನ್ನುತ್ತದೆ, ಅಲ್ವಾ? ಇಷ್ಟು ಬಿಗಿಯಾದ ಪರೀಕ್ಷೆ ಇರುವ ದೇಶದಲ್ಲಿ ‘ಅಪ್ಪ ಯಾರು’ ಎಂಬ ಪ್ರಶ್ನೆ ಯಾಕೆ ಇಷ್ಟು ಮುಖ್ಯವಾಗುತ್ತದೆ? ಚೀನಾದವರು ಇದಕ್ಕೆ ‘ಪಿನ್‌ದಿಯೆ’ ಎಂಬ ಒಂದು ಪದವನ್ನೇ ಮಾಡಿಕೊಂಡಿದ್ದಾರೆ. ಅಪ್ಪಂದಿರನ್ನು ಪಣಕ್ಕಿಟ್ಟು ಆಡುವ ಪೈಪೋಟಿ ಎಂದು ಅರ್ಥ. ಪರೀಕ್ಷಾ ಕೊಠಡಿಯ ಒಳಗೆ ಹೆಚ್ಚುಕಡಿಮೆ ನ್ಯಾಯವೇ ಇದೆ. ಯಾವ ಮಗು ಯಾವ ಕೊಠಡಿಯ ಬಾಗಿಲಿಗೆ ಬಂದು ನಿಲ್ಲಬೇಕು ಅನ್ನುವುದು ಮಾತ್ರ ಹುಟ್ಟಿನಲ್ಲೇ ಬಹುಮಟ್ಟಿಗೆ ತೀರ್ಮಾನ ಆಗಿರುತ್ತದೆ.

ಅಪ್ಪನ ಹಣೆಪಟ್ಟಿ

ಚೀನಾದಲ್ಲಿ ಓದು ಮತ್ತು ಹುಟ್ಟಿನ ನಂಟು ಇವತ್ತಿನದಲ್ಲ. 1949ರ ಕಮ್ಯುನಿಸ್ಟ್ ಕ್ರಾಂತಿಯ ನಂತರ ಪ್ರತಿ ಕುಟುಂಬಕ್ಕೂ ಒಂದು ವರ್ಗದ ಹಣೆಪಟ್ಟಿ ಅಂಟಿಸಿದರು. ಜಮೀನ್ದಾರ, ಶ್ರೀಮಂತ ರೈತ, ಮಧ್ಯಮ ರೈತ, ಬಡ ರೈತ, ಕಾರ್ಮಿಕ, ಹೀಗೆ. ಈ ಹಣೆಪಟ್ಟಿ ಅಪ್ಪನಿಂದ ಮಕ್ಕಳಿಗೆ ಬರುತ್ತಿತ್ತು. ತಮಾಷೆ ಏನೆಂದರೆ, ಭೇದ ಅಳಿಸುತ್ತೇವೆ ಎಂದು ಬಂದವರೇ ಭೇದವನ್ನು ವಂಶಪಾರಂಪರ್ಯ ಮಾಡಿದರು. ಈ ಸಲ ಮೇಲಿದ್ದವರು ಕೆಳಗೆ, ಕೆಳಗಿದ್ದವರು ಮೇಲೆ, ಅಷ್ಟೇ. ಜಮೀನ್ದಾರನ ಮೊಮ್ಮಗ ಎಷ್ಟೇ ಜಾಣನಿರಲಿ, ವಿಶ್ವವಿದ್ಯಾಲಯದ ಬಾಗಿಲು ತೆರೆಯುವುದು ಕಷ್ಟವಿತ್ತು.

1966ರಲ್ಲಿ ಮಾವೊ ಅವರ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ಗಾವೊಕಾವೊವನ್ನೇ ನಿಲ್ಲಿಸಿದರು. 1970ರ ಹೊತ್ತಿಗೆ ಕಾಲೇಜುಗಳು ಮತ್ತೆ ನಿಧಾನವಾಗಿ ತೆರೆದವು, ಆದರೆ ಸೀಟು ಸಿಗುತ್ತಿದ್ದುದು ಶಿಫಾರಸಿನ ಮೇಲೆ. ಕಾರ್ಮಿಕರು, ರೈತರು, ಸೈನಿಕರ ನಡುವಿನಿಂದ ಒಳ್ಳೆಯವರನ್ನು ಆರಿಸಿ ಕಳಿಸಬೇಕು ಎಂಬುದು ನಿಯಮ. ಶಿಫಾರಸು ಮಾಡುವವರು ಯಾರು? ಸ್ಥಳೀಯ ಅಧಿಕಾರಿಗಳು. ಹಾಗಾಗಿ ಅಧಿಕಾರಿಗಳ ಮಕ್ಕಳಿಗೇ ಹಿತ್ತಲ ಬಾಗಿಲು ಸಲೀಸಾಯಿತು.

1977ರಲ್ಲಿ ನಾಯಕ ದೆಂಗ್ ಶಿಯಾವೊಪಿಂಗ್ ಪರೀಕ್ಷೆಯನ್ನು ವಾಪಸ್ ತಂದರು. ಆ ಚಳಿಗಾಲ 57 ಲಕ್ಷ ಜನ ಬರೆದರು. ಹಳ್ಳಿಗೆ ಹೋಗಿ ಹೊಲ ಉಳುತ್ತಿದ್ದ ನಗರದ ಯುವಕರು, ಫ್ಯಾಕ್ಟರಿ ಕೆಲಸದವರು, ಮದುವೆಯಾಗಿ ಮಕ್ಕಳಿದ್ದವರೂ ಇದ್ದರು. ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದವೇ ಸಾಲಲಿಲ್ಲ. ಮಾವೊ ಬರಹಗಳ ಹೊಸ ಸಂಪುಟಕ್ಕೆಂದು ಎತ್ತಿಟ್ಟಿದ್ದ ಕಾಗದವನ್ನು ಪರೀಕ್ಷೆಗೆ ಬಳಸಿದರು. ಸೀಟು ಸಿಕ್ಕಿದ್ದು ಸುಮಾರು 2.7 ಲಕ್ಷ ಮಂದಿಗೆ, ಅಂದರೆ ನೂರಕ್ಕೆ ಐದು ಜನಕ್ಕೂ ಇಲ್ಲ. ಆದರೂ ಆ ಪರೀಕ್ಷೆಯನ್ನು ಇವತ್ತಿಗೂ ಜನ ಹಬ್ಬದಂತೆ ನೆನೆಯುತ್ತಾರೆ. ಅಪ್ಪ ಯಾರು ಎಂದು ಕೇಳದೆ ನಿನಗೆಷ್ಟು ಬರುತ್ತದೆ ಎಂದು ಕೇಳಿದ ಮೊದಲ ಬಾಗಿಲು ಅದು. ಗಾವೊಕಾವೊ ಮೇಲೆ ಚೀನಾದ ಬಡವರಿಗೆ ಇರುವ ನಂಬಿಕೆ ಇಲ್ಲಿಂದ ಬಂದದ್ದು.

ವರ್ಗದ ಹಣೆಪಟ್ಟಿಗಳನ್ನು 1979ರಲ್ಲಿ ತೆಗೆಯಲು ಶುರು ಮಾಡಿದರು. ಇನ್ನೊಂದು ಹಣೆಪಟ್ಟಿ ಮಾತ್ರ ಹಾಗೇ ಉಳಿಯಿತು.

ಒಂದು ಪುಸ್ತಕ, ಒಬ್ಬರಿಗೆ ಒಂದು ಪುಟ

ಆ ಹಣೆಪಟ್ಟಿಯ ಹೆಸರು ಹುಕೌ. ಇದು ಮನೆತನದ ನೋಂದಣಿ. ಪ್ರತಿ ಮನೆಯಲ್ಲೂ ಒಂದು ಚಿಕ್ಕ ಪುಸ್ತಕ ಇರುತ್ತದೆ, ಮನೆಯ ಒಬ್ಬೊಬ್ಬರಿಗೆ ಒಂದೊಂದು ಪುಟ. ನಮ್ಮ ರೇಷನ್ ಕಾರ್ಡ್ ಇದ್ದ ಹಾಗೆ ಅನಿಸಬಹುದು. ಆದರೆ ಇದರ ತೂಕವೇ ಬೇರೆ.

1958ರ ಕಾನೂನು ಇಡೀ ದೇಶದ ಜನರನ್ನು ಎರಡು ಭಾಗ ಮಾಡಿತು. ಕೃಷಿ ಹುಕೌ ಮತ್ತು ಕೃಷಿಯೇತರ ಹುಕೌ. ನಗರದ ಹುಕೌ ಇದ್ದವರಿಗೆ ಸರ್ಕಾರಿ ಧಾನ್ಯ, ಮನೆ, ಕೆಲಸ, ಒಳ್ಳೆಯ ಶಾಲೆ. ಹಳ್ಳಿಯವರಿಗೆ ಅವರ ಹೊಲ. ಮಗುವಿಗೆ ಅಮ್ಮನ ಹುಕೌ ಬರುತ್ತಿತ್ತು. ಅಪ್ಪ ಶಾಂಘೈನವನಾದರೂ ಅಮ್ಮ ಹಳ್ಳಿಯವಳಾದರೆ ಮಗು ಹಳ್ಳಿಯದೇ. ಅಪ್ಪನದನ್ನೂ ಪಡೆಯಬಹುದು ಎಂದು ನಿಯಮ ಬದಲಾದದ್ದು 1998ರಲ್ಲಿ. ಕೃಷಿ, ಕೃಷಿಯೇತರ ಎಂಬ ಭೇದವನ್ನು ಕಾಗದದ ಮೇಲೆ ತೆಗೆಯಲು ತೀರ್ಮಾನಿಸಿದ್ದು 2014ರಲ್ಲಿ. ಆದರೆ ಯಾವ ಊರಿನ ಹುಕೌ ಎಂಬುದು ಇವತ್ತಿಗೂ ಲೆಕ್ಕಕ್ಕೆ ಬರುತ್ತದೆ. ಗಾವೊಕಾವೊದಲ್ಲಂತೂ ಅದೇ ಮೊದಲ ಲೆಕ್ಕ.

ಯಾಕೆಂದರೆ ಇದು ಹೆಸರಿಗೆ ರಾಷ್ಟ್ರೀಯ ಪರೀಕ್ಷೆ. ಸೀಟು ಹಂಚುವುದು ಪ್ರಾಂತ್ಯದ ಲೆಕ್ಕದಲ್ಲಿ. ಪ್ರತಿ ವಿಶ್ವವಿದ್ಯಾಲಯವೂ ಯಾವ ಪ್ರಾಂತ್ಯದಿಂದ ಎಷ್ಟು ಮಕ್ಕಳು ಎಂದು ಮೊದಲೇ ಪಟ್ಟಿ ಮಾಡಿ ಇಡುತ್ತದೆ. ಒಂದು ಪ್ರಾಂತ್ಯದ ಮಗು ಪೈಪೋಟಿ ಮಾಡುವುದು ಆ ಪ್ರಾಂತ್ಯದ ಮಕ್ಕಳ ಜೊತೆ ಮಾತ್ರ. ಕೇಳಲು ಇದು ಸರಿಯಾಗಿಯೇ ಇದೆ. ಹಿಂದುಳಿದ ಕಡೆಗೂ ಪಾಲು ಸಿಗಲಿ ಎಂಬ ಉದ್ದೇಶಕ್ಕೆ ಇದನ್ನು ಬಳಸಬಹುದು. ಆದರೆ ಪಾಲು ಹಂಚುವ ಕೈಗಳು ನಗರದ ಕಡೆಗೇ ವಾಲಿವೆ.

ಹೆನಾನ್ ಪ್ರಾಂತ್ಯವನ್ನು ನೋಡಿ. ಹತ್ತಿರ ಹತ್ತಿರ 10 ಕೋಟಿ ಜನ. 2024ರಲ್ಲಿ ಅಲ್ಲಿ ಗಾವೊಕಾವೊಗೆ ಹೆಸರು ಕೊಟ್ಟವರು ಸುಮಾರು 13.6 ಲಕ್ಷ. ಅದೇ ವರ್ಷ ಬೀಜಿಂಗ್‌ನಲ್ಲಿ ಸುಮಾರು 67 ಸಾವಿರ. ಒಂದಕ್ಕೆ ಇಪ್ಪತ್ತು. ಇನ್ನು ಕಾಲೇಜುಗಳು? ದೇಶದ ಅತ್ಯುತ್ತಮ ವಿಶ್ವವಿದ್ಯಾಲಯಗಳೆಂದು 1998ರ ನಂತರ ಸರ್ಕಾರ ಹಣ ಸುರಿದು ಬೆಳೆಸಿದ್ದು ‘985’ ಎಂಬ ಗುಂಪನ್ನು. ಒಟ್ಟು 39. ಅವುಗಳಲ್ಲಿ 8 ಬೀಜಿಂಗ್ ಒಂದರಲ್ಲೇ ಇವೆ. ಹೆನಾನ್‌ನಲ್ಲಿ ಒಂದೂ ಇಲ್ಲ. ಅದರ ಕೆಳಗಿನ ‘211’ ಗುಂಪಿನಲ್ಲಿ ನೂರಕ್ಕೂ ಜಾಸ್ತಿ ವಿಶ್ವವಿದ್ಯಾಲಯಗಳು. ಹೆನಾನ್ ಪಾಲಿಗೆ ಒಂದೇ ಒಂದು, ಝೆಂಗ್‌ಝೌ ವಿಶ್ವವಿದ್ಯಾಲಯ.

ವಿಶ್ವವಿದ್ಯಾಲಯಗಳಿಗೆ ಜಾಗ, ನೀರು, ರಸ್ತೆ, ಹಣದ ಒಂದು ಪಾಲು ಸ್ಥಳೀಯ ಸರ್ಕಾರದಿಂದ ಬರುತ್ತದೆ. ಉಂಡ ಮನೆಗೆ ಋಣ ತೀರಿಸಲೇಬೇಕು. ಹಾಗಾಗಿ ಸ್ಥಳೀಯ ಮಕ್ಕಳಿಗೆ ಜಾಸ್ತಿ ಸೀಟು. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯ ವಿಶ್ವವಿದ್ಯಾಲಯಗಳು ಸ್ಥಳೀಯರ ಪಾಲನ್ನು ನೂರಕ್ಕೆ 30ರ ಒಳಗೆ ಇಳಿಸಬೇಕು ಎಂದು ಸರ್ಕಾರವೇ ಹೇಳಬೇಕಾಯಿತು ಅಂದರೆ, ಮೊದಲು ಎಷ್ಟಿತ್ತು ಎಂದು ನೀವೇ ಊಹಿಸಿ. 2001ರಲ್ಲೇ ಶಾನ್‌ಡಾಂಗ್ ಪ್ರಾಂತ್ಯದ ಚಿಂಗ್‌ದಾವ್ ನಗರದ ಮೂವರು ವಿದ್ಯಾರ್ಥಿನಿಯರು ಶಿಕ್ಷಣ ಸಚಿವಾಲಯದ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದರು. ನಮ್ಮ ಅಂಕಕ್ಕೆ ಬೀಜಿಂಗ್‌ನಲ್ಲಿ ಒಳ್ಳೆಯ ಸೀಟು ಸಿಗುತ್ತಿತ್ತು, ಇಲ್ಲಿ ಸಿಗುತ್ತಿಲ್ಲ ಅನ್ನುವುದು ಅವರ ತಕರಾರು. ಕೇಸು ಮುಂದೆ ಹೋಗಲಿಲ್ಲ. ಪ್ರಶ್ನೆ ಹಾಗೇ ಉಳಿಯಿತು.

ತರಕಾರಿ ಅಂಗಡಿಯವರ ಮಗಳು

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಗಂಡ ಹೆಂಡತಿ ಹೆನಾನ್‌ನ ಹಳ್ಳಿಯವರು. ಇಪ್ಪತ್ತು ವರ್ಷದಿಂದ ಬೀಜಿಂಗ್‌ನಲ್ಲಿ ತರಕಾರಿ ಅಂಗಡಿ. ಮಗಳು ಹುಟ್ಟಿದ್ದೇ ಬೀಜಿಂಗ್‌ನಲ್ಲಿ. ಆಡುವುದು ಬೀಜಿಂಗ್ ಮಾತು, ಗೆಳತಿಯರೆಲ್ಲ ಅಲ್ಲಿಯವರು. ಹೆನಾನ್‌ಗೆ ಹೋಗುವುದು ಹೊಸ ವರ್ಷದ ಹಬ್ಬಕ್ಕೆ ಮಾತ್ರ. ಆದರೆ ಹುಕೌ ಪುಸ್ತಕದಲ್ಲಿ ಅವಳ ಪುಟದ ಮೇಲೆ ಹೆನಾನ್ ಎಂದಿದೆ.

ಪ್ರಾಥಮಿಕ ಶಾಲೆಗೆ ಸೇರಿಸುವಾಗಲೇ ಅಪ್ಪ ಅಮ್ಮ ಕಾಗದದ ಕಟ್ಟು ಹಿಡಿದು ಅಲೆಯಬೇಕು. ತಾತ್ಕಾಲಿಕ ವಾಸದ ಪರವಾನಗಿ, ಬಾಡಿಗೆ ಕರಾರು, ಕೆಲಸದ ದಾಖಲೆ. ಹೇಗೋ ಒಂಬತ್ತು ವರ್ಷ ಕಳೆಯುತ್ತದೆ. ಹದಿನೈದಕ್ಕೆ ಬಂದಾಗ ನಿಜವಾದ ಗೋಡೆ ಎದುರಾಗುತ್ತದೆ. ಬೀಜಿಂಗ್‌ನಲ್ಲಿ ಅವಳು ಬರೆಯಬಹುದಾದದ್ದು ನಮ್ಮ ಡಿಪ್ಲೊಮಾ ಥರದ ವೃತ್ತಿ ಕಾಲೇಜುಗಳ ಪ್ರವೇಶ ಪರೀಕ್ಷೆ ಮಾತ್ರ. ಪದವಿ ಓದಬೇಕಾ? ಹೆನಾನ್‌ಗೆ ವಾಪಸ್ ಹೋಗಬೇಕು. ಅಲ್ಲಿ ಹಾಸ್ಟೆಲ್, ಬೇರೆ ಪಾಠದ ಕ್ರಮ, ಒಂದು ತರಗತಿಯಲ್ಲಿ ಬೀಜಿಂಗ್‌ಗಿಂತ ಎಷ್ಟೋ ಜಾಸ್ತಿ ಮಕ್ಕಳು. ಜೊತೆಗೆ ಹೋಗಲು ಅಮ್ಮ ಅಂಗಡಿ ಬಿಡಬೇಕು, ಇಲ್ಲವೇ ಅಜ್ಜಿಯ ಮನೆಯಲ್ಲಿ ಬಿಡಬೇಕು. ಅಪ್ಪ ಅಮ್ಮ ಅಥವಾ ಅವರಲ್ಲೊಬ್ಬರು ದುಡಿಯಲು ಹೊರಗೆ ಹೋಗಿ, ಹೀಗೆ ಊರಲ್ಲೇ ಉಳಿದ ಮಕ್ಕಳ ಸಂಖ್ಯೆ ಸುಮಾರು 6.1 ಕೋಟಿ ಎಂದು 2013ರಲ್ಲಿ ಅಖಿಲ ಚೀನಾ ಮಹಿಳಾ ಒಕ್ಕೂಟದ ವರದಿ ಹೇಳಿತ್ತು.

2012ರಲ್ಲಿ ಕೇಂದ್ರ ಸರ್ಕಾರ, ವಲಸೆ ಬಂದವರ ಮಕ್ಕಳು ಇದ್ದಲ್ಲೇ ಗಾವೊಕಾವೊ ಬರೆಯಲು ದಾರಿ ಮಾಡಿ ಎಂದು ಪ್ರಾಂತ್ಯಗಳಿಗೆ ಹೇಳಿತು. ಹಲವು ಪ್ರಾಂತ್ಯಗಳು ಮಾಡಿದವು. ಆದರೆ ಎಲ್ಲಿ ಬೇಡಿಕೆ ಜಾಸ್ತಿಯೋ ಅಲ್ಲೇ ಬಾಗಿಲು ಕಿರಿದು. ಶಾಂಘೈನಲ್ಲಿ ವಾಸದ ಪರವಾನಗಿಗೆ ಪಾಯಿಂಟ್ ಲೆಕ್ಕ ಇದೆ. 120 ಪಾಯಿಂಟ್ ಆದರೆ ಮಕ್ಕಳು ಅಲ್ಲೇ ಪರೀಕ್ಷೆ ಬರೆಯಬಹುದು. ಪಾಯಿಂಟ್ ಬರುವುದು ಹೇಗೆ? ಮುಖ್ಯವಾಗಿ ಅಪ್ಪ ಅಮ್ಮನ ಓದಿನಿಂದ, ವೃತ್ತಿಯ ದರ್ಜೆಯಿಂದ, ಕಟ್ಟಿದ ವಿಮೆಯಿಂದ. ಪಿಎಚ್‌ಡಿ ಮಾಡಿದವರಿಗೆ ಸಲೀಸು, ತರಕಾರಿ ಮಾರುವವರಿಗೆ ಇಲ್ಲ. ಮಗು ಓದಬೇಕಾದರೆ ಮೊದಲು ಅಪ್ಪ ಓದಿರಬೇಕು. ಹುಟ್ಟಿನ ಭೇದ ಕಾನೂನುಬದ್ಧವಾಗಿ ಮುಂದಿನ ತಲೆಮಾರಿಗೆ ದಾಟುವುದು ಹೀಗೆ.

ಹದಿನೈದಕ್ಕೇ ಜರಡಿ

ಹೊರಗಿನವರು ಗಾವೊಕಾವೊ ನೋಡುತ್ತಾರೆ. ಚೀನಾದ ತಾಯಂದಿರು ಹೆದರುವುದು ಅದಕ್ಕೂ ಮೂರು ವರ್ಷ ಮೊದಲು ಬರುವ ಝಾಂಗ್‌ಕಾವೊಗೆ. ಒಂಬತ್ತನೇ ತರಗತಿಯ ಕೊನೆಗೆ ಬರುವ ಆ ಪರೀಕ್ಷೆಯೇ ಮಗು ಸಾಮಾನ್ಯ ಹೈಸ್ಕೂಲಿಗೋ ವೃತ್ತಿ ಶಾಲೆಗೋ ಎಂದು ತೀರ್ಮಾನಿಸುತ್ತದೆ. ಬಹಳ ಕಾಲ ಇದು ಹೆಚ್ಚುಕಡಿಮೆ ಅರ್ಧಕ್ಕರ್ಧ ಇರಬೇಕು ಎಂಬುದು ಸರ್ಕಾರದ ಗುರಿಯಾಗಿತ್ತು. ಕಡ್ಡಾಯ, ಉಚಿತ ಶಿಕ್ಷಣ ಒಂಬತ್ತೇ ವರ್ಷ. ಹೈಸ್ಕೂಲಿಗೆ ಫೀಸು ಇದೆ. ಹಾಗಾಗಿ ಹಳ್ಳಿಯ ಎಷ್ಟೋ ಮಕ್ಕಳು ಗಾವೊಕಾವೊದಲ್ಲಿ ಸೋಲುವುದಿಲ್ಲ. ಅಲ್ಲಿಯವರೆಗೆ ಬರುವುದೇ ಇಲ್ಲ. ಪರೀಕ್ಷೆ ಎಲ್ಲರಿಗೂ ಒಂದೇ ಎಂಬ ಮಾತಿನಲ್ಲಿ ಇವರು ಲೆಕ್ಕಕ್ಕೇ ಬರುವುದಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಕಾಟ್ ರೊಝೆಲ್ ಮತ್ತು ಅವರ ಚೀನೀ ಸಹೋದ್ಯೋಗಿಗಳು ಶಾನ್‌ಶಿ, ಗಾನ್ಸು ಕಡೆಯ ಹಳ್ಳಿ ಶಾಲೆಗಳಲ್ಲಿ ಬಹಳ ವರ್ಷ ಕೆಲಸ ಮಾಡಿದ್ದಾರೆ. ಅವರು ಮಕ್ಕಳ ಕಣ್ಣು ಪರೀಕ್ಷೆ ಮಾಡಿಸಿದರು. ದೂರದ್ದು ಸರಿಯಾಗಿ ಕಾಣದ ಮಕ್ಕಳಲ್ಲಿ ಬಹುಪಾಲು ಮಕ್ಕಳ ಬಳಿ ಕನ್ನಡಕ ಇರಲಿಲ್ಲ. ಕನ್ನಡಕ ಹಾಕಿದರೆ ಕಣ್ಣು ಇನ್ನೂ ಹಾಳಾಗುತ್ತದೆ ಎಂದು ಮನೆಯವರೂ ಎಷ್ಟೋ ಮೇಷ್ಟ್ರುಗಳೂ ನಂಬಿದ್ದರು. ಉಚಿತವಾಗಿ ಕನ್ನಡಕ ಕೊಟ್ಟಾಗ ಗಣಿತದ ಅಂಕ ಏರಿತು. ಬೋರ್ಡಿನ ಮೇಲೆ ಬರೆದದ್ದು ಕಾಣದೆ ಹಿಂದುಳಿದ ಮಗುವನ್ನು ಝಾಂಗ್‌ಕಾವೊ ‘ದಡ್ಡ’ ಎಂದು ಜರಡಿ ಹಿಡಿಯುತ್ತದೆ. ಬೀಜಿಂಗ್‌ನ ಮಗುವಿಗೆ ಕನ್ನಡಕ ಮೊದಲ ತರಗತಿಯಲ್ಲೇ ಬಂದಿರುತ್ತದೆ. ರಕ್ತಹೀನತೆಯದ್ದೂ ಹೆಚ್ಚುಕಡಿಮೆ ಇದೇ ಕಥೆ.

ನಗರದಲ್ಲಿ ಜರಡಿ ಬೇರೆ ಥರ. ಅಲ್ಲಿ ಒಳ್ಳೆಯ ಶಾಲೆಗೆ ಸೇರಬೇಕಾದರೆ ಆ ಶಾಲೆಯ ವ್ಯಾಪ್ತಿಯಲ್ಲಿ ಮನೆ ಇರಬೇಕು. ಇದಕ್ಕೆ ‘ಶಾಲಾ ವಲಯದ ಮನೆ’ ಎಂದೇ ಹೆಸರು. ಹಳೆಯ, ಇಕ್ಕಟ್ಟಾದ, ಸುಣ್ಣ ಉದುರುವ ಮನೆಗೂ ಚಿನ್ನದ ಬೆಲೆ. ಕೊಳ್ಳುವುದು ವಾಸಕ್ಕಲ್ಲ, ಮಗುವಿನ ಹೆಸರು ಅಲ್ಲಿ ಬರಲಿ ಎಂದು. 2021ರ ಜುಲೈನಲ್ಲಿ ಸರ್ಕಾರ ಲಾಭಕ್ಕಾಗಿ ನಡೆಯುವ ಟ್ಯೂಷನ್ ಉದ್ಯಮಕ್ಕೆ ಬೀಗ ಜಡಿಯಿತು. ದೊಡ್ಡ ಕಂಪನಿಗಳ ಷೇರು ಒಂದೇ ದಿನದಲ್ಲಿ ನೆಲ ಕಚ್ಚಿತು. ಟ್ಯೂಷನ್ ಮಾತ್ರ ನಿಲ್ಲಲಿಲ್ಲ, ಮನೆಯೊಳಗೆ ಸರಿಯಿತು. ಮೊದಲು ನಲವತ್ತು ಮಕ್ಕಳ ಕ್ಲಾಸಿಗೆ ಕೊಡುತ್ತಿದ್ದ ಫೀಸಿನ ಹಲವು ಪಟ್ಟು ಕೊಟ್ಟು ಒಬ್ಬ ಮೇಷ್ಟ್ರನ್ನು ಮನೆಗೆ ಕರೆಸುವುದು ಯಾರ ಕೈಲಾಗುತ್ತದೆ? ನಿಯಮ ಸಮಾನತೆಗೆಂದು ಬಂತು, ಏಟು ಬಿದ್ದದ್ದು ಮಧ್ಯಮ ವರ್ಗದ ಕೆಳಗಿನವರಿಗೆ.

ಪೀಕಿಂಗ್ ಅಂಗಳದಲ್ಲಿ ಯಾರಿದ್ದಾರೆ

ಇದರ ಫಲ ಮೇಲಿನ ವಿಶ್ವವಿದ್ಯಾಲಯಗಳಲ್ಲಿ ಕಾಣುತ್ತದೆ. ಪೀಕಿಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಲಿಯು ಯುನ್‌ಶಾನ್ ತಮ್ಮ ಸಂಸ್ಥೆಯ ದಾಖಲೆಗಳನ್ನೇ ಜಾಲಾಡಿದರು. 1978ರಿಂದ 1998ರವರೆಗೆ ಹಳ್ಳಿಯಿಂದ ಬಂದ ಮಕ್ಕಳು ಸುಮಾರು ನೂರಕ್ಕೆ 30 ಇದ್ದರು. 2000ದ ನಂತರದ ದಶಕದಲ್ಲಿ ಅದು 10ರಿಂದ 15ಕ್ಕೆ ಇಳಿಯಿತು. ಅಷ್ಟೇ ಹೆಸರುವಾಸಿಯಾದ ಇನ್ನೊಂದು ವಿಶ್ವವಿದ್ಯಾಲಯ ಸಿಂಘುವಾದಲ್ಲಿ 2010ರಲ್ಲಿ ಸೇರಿದವರಲ್ಲಿ ಹಳ್ಳಿಯವರು ನೂರಕ್ಕೆ 17. ಆ ವರ್ಷ ದೇಶದಲ್ಲಿ ಪರೀಕ್ಷೆ ಬರೆದವರಲ್ಲಿ ಹಳ್ಳಿಯವರೇ 62.

ವಿಚಿತ್ರ ಏನೆಂದರೆ, ಇದೇ ಕಾಲದಲ್ಲಿ ಕಾಲೇಜು ಸೀಟುಗಳು ಪ್ರವಾಹದಂತೆ ಏರಿದವು. 1998ರಲ್ಲಿ ಸುಮಾರು 10.8 ಲಕ್ಷ ಇದ್ದ ಪ್ರವೇಶ ಮರುವರ್ಷವೇ 16 ಲಕ್ಷ ಮುಟ್ಟಿತು. ಕಾಲೇಜು ವಯಸ್ಸಿನವರಲ್ಲಿ ಓದುವವರ ಪಾಲು 1998ರಲ್ಲಿ ನೂರಕ್ಕೆ 10 ಕೂಡ ಇರಲಿಲ್ಲ, 2023ಕ್ಕೆ 60 ದಾಟಿತು. ಅಂದರೆ ಹಳ್ಳಿಯ ಮಕ್ಕಳೂ ಕಾಲೇಜು ಮೆಟ್ಟಿಲು ಹತ್ತಿದರು, ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ಹತ್ತಿದ ಮೆಟ್ಟಿಲು ಬೇರೆ. ಹೊಸ ಸೀಟುಗಳು ಬಂದದ್ದು ಕೆಳಹಂತದ ಸ್ಥಳೀಯ ಕಾಲೇಜುಗಳಲ್ಲಿ, ಖಾಸಗಿ ಕಾಲೇಜುಗಳಲ್ಲಿ, ಮೂರು ವರ್ಷದ ವೃತ್ತಿ ಕಾಲೇಜುಗಳಲ್ಲಿ. ಇಲ್ಲಿ ಇನ್ನೊಂದು ಉಲ್ಟಾ ಲೆಕ್ಕ ಇದೆ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೆ ಸುಮಾರು 5 ಸಾವಿರ ಯುವಾನ್ ಫೀಸು. ಖಾಸಗಿಯಲ್ಲಿ ಅದರ ನಾಲ್ಕೈದು ಪಟ್ಟು. ಜಾಸ್ತಿ ಅಂಕ ತೆಗೆದ ಅನುಕೂಲಸ್ಥರ ಮಗು ಕಡಿಮೆ ಫೀಸು ಕಟ್ಟುತ್ತದೆ. ಕಡಿಮೆ ಅಂಕ ಬಂದ ರೈತನ ಮಗು ಜಾಸ್ತಿ ಕಟ್ಟುತ್ತದೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ.

2017ರಲ್ಲಿ ಬೀಜಿಂಗ್‌ನ ಕಲಾ ವಿಭಾಗಕ್ಕೆ ಮೊದಲು ಬಂದ ಹುಡುಗನ ಅಪ್ಪ ಅಮ್ಮ ರಾಜತಾಂತ್ರಿಕ ಹುದ್ದೆಯವರು. ಈಗ ಮೊದಲ ಸ್ಥಾನ ಪಡೆಯುವವರೆಲ್ಲ ಅನುಕೂಲಸ್ಥ ಮನೆಯವರೇ, ಹಳ್ಳಿಯ ಮಕ್ಕಳಿಗೆ ಒಳ್ಳೆಯ ವಿಶ್ವವಿದ್ಯಾಲಯ ಸಿಗುವುದು ಕಷ್ಟವಾಗುತ್ತಿದೆ ಎಂದು ಸುದ್ದಿಗಾರರ ಮುಂದೆ ಅವನೇ ಹೇಳಿದ. ದೇಶವೆಲ್ಲ ಅದೇ ಮಾತು. ಹೊಟ್ಟೆ ಉರಿಸಿದ್ದಕ್ಕಿಂತ, ಎಲ್ಲರಿಗೂ ಗೊತ್ತಿದ್ದದ್ದನ್ನು ಲಾಭ ಪಡೆದವನೇ ನೇರವಾಗಿ ಹೇಳಿದ್ದು ಜನರಿಗೆ ನಾಟಿತು.

ಬೇರೆ ದನಿಯೂ ಇದೆ. ಇತಿಹಾಸಕಾರರಾದ ಜೇಮ್ಸ್ ಲೀ, ಲಿಯಾಂಗ್ ಚೆನ್ ಮತ್ತು ಸಂಗಡಿಗರು ಪೀಕಿಂಗ್, ಸೂಚೌ ವಿಶ್ವವಿದ್ಯಾಲಯಗಳ ಅರ್ಧ ಶತಮಾನದ ವಿದ್ಯಾರ್ಥಿ ಕಾರ್ಡುಗಳನ್ನು ಓದಿ ಬೇರೆ ಮಾತು ಹೇಳಿದರು. ಮೊದಲು ದೊಡ್ಡ ಮನೆತನಗಳಿಗೆ ಮೀಸಲಾಗಿದ್ದ ಜಾಗಕ್ಕೆ ರೈತರ, ಕಾರ್ಮಿಕರ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದೇ ಒಂದು ಸದ್ದಿಲ್ಲದ ಕ್ರಾಂತಿ ಎಂಬುದು ಅವರ ವಾದ. ಎರಡೂ ಸುಳ್ಳಲ್ಲ. ಒಬ್ಬರು 1950ರಿಂದ ಮೇಲೇರಿದ್ದನ್ನು ನೋಡುತ್ತಿದ್ದಾರೆ, ಇನ್ನೊಬ್ಬರು 1990ರ ದಶಕದ ನಂತರ ಕೆಳಗಿಳಿದದ್ದನ್ನು.

ಪಕ್ಕದ ಬಾಗಿಲುಗಳು

ಹಾಗಾದರೆ ಬರೀ ಅಂಕ ನೋಡದೆ ಮಗುವಿನ ಒಟ್ಟು ಸಾಮರ್ಥ್ಯ ನೋಡೋಣ ಎಂದು 2003ರಲ್ಲಿ ಕೆಲವು ವಿಶ್ವವಿದ್ಯಾಲಯಗಳಿಗೆ ಸ್ವಂತ ಆಯ್ಕೆಗೆ ಅವಕಾಶ ಕೊಟ್ಟರು. ಸಂದರ್ಶನ, ಸಂಶೋಧನಾ ಪ್ರಬಂಧ, ಸ್ಪರ್ಧೆಗಳ ಪ್ರಶಸ್ತಿ. ಉದ್ದೇಶ ಒಳ್ಳೆಯದೇ. ಆದರೆ ಹೈಸ್ಕೂಲ್ ಹುಡುಗ ಸಂಶೋಧನಾ ಪ್ರಬಂಧ ಬರೆಯುವುದು ಯಾರ ಮನೆಯಲ್ಲಿ? ಪ್ರಯೋಗಾಲಯ ಇರುವ ಪ್ರಾಧ್ಯಾಪಕರ ಮನೆಯಲ್ಲಿ. ಬೀಜಿಂಗ್‌ನ ರೆನ್ಮಿನ್ ವಿಶ್ವವಿದ್ಯಾಲಯದ ಪ್ರವೇಶ ವಿಭಾಗದ ಮುಖ್ಯಸ್ಥರು 2.3 ಕೋಟಿ ಯುವಾನ್‌ಗೂ ಜಾಸ್ತಿ ಲಂಚ ತೆಗೆದುಕೊಂಡದ್ದನ್ನು 2015ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡರು. 2020ರಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟರು.

ಹೆಚ್ಚುವರಿ ಅಂಕದ ಕಥೆಯೂ ಹೀಗೇ. ಅಲ್ಪಸಂಖ್ಯಾತ ಜನಾಂಗಗಳ ಮಕ್ಕಳಿಗೆಂದು ಇದ್ದ ಅಂಕಕ್ಕಾಗಿ 2009ರಲ್ಲಿ ಚೋಂಗ್‌ಚಿಂಗ್‌ನ 31 ವಿದ್ಯಾರ್ಥಿಗಳ ಜನಾಂಗವನ್ನೇ ದಾಖಲೆಯಲ್ಲಿ ತಿದ್ದಿಸಿದ್ದು ಬಯಲಾಯಿತು. ಅವರಲ್ಲಿ ಒಬ್ಬ ಕಲಾ ವಿಭಾಗದಲ್ಲಿ ಆ ಊರಿಗೇ ಮೊದಲು ಬಂದವನು, ಅಧಿಕಾರಿಯ ಮಗ.

ಇದಕ್ಕಿಂತ ಕ್ರೂರವಾದದ್ದು ಗುರುತಿನ ಕಳವು. ಹಳ್ಳಿಯ ಹುಡುಗಿಗೆ ಸೀಟು ಸಿಗುತ್ತದೆ. ಪ್ರವೇಶ ಪತ್ರ ಅವಳ ಕೈಗೆ ಬರುವುದೇ ಇಲ್ಲ. ಅವಳ ಹೆಸರಿನಲ್ಲಿ ಇನ್ಯಾರದೋ ಮಗಳು ಕಾಲೇಜು ಸೇರುತ್ತಾಳೆ. ಇವಳು ಫೇಲಾದೆ ಎಂದುಕೊಂಡು ಫ್ಯಾಕ್ಟರಿಗೆ ಹೋಗುತ್ತಾಳೆ. 2004ರಲ್ಲಿ ಹೀಗೆ ಸೀಟು ಕಳೆದುಕೊಂಡ ಶಾನ್‌ಡಾಂಗ್‌ನ ಒಬ್ಬ ಹೆಣ್ಣುಮಗಳಿಗೆ ವಿಷಯ ಗೊತ್ತಾದದ್ದು 2020ರಲ್ಲಿ, ಹದಿನಾರು ವರ್ಷದ ಮೇಲೆ. ಅದೇ ಪ್ರಾಂತ್ಯದ 14 ಕಾಲೇಜುಗಳಲ್ಲಿ ಬೇರೆಯವರ ಹೆಸರಿನಲ್ಲಿ ಪದವಿ ಪಡೆದ 242 ಮಂದಿ ಪತ್ತೆಯಾಗಿದ್ದಾರೆ ಎಂದು ಆಗ ಪತ್ರಿಕೆಗಳು ಬರೆದವು. 2021ರ ಮಾರ್ಚ್‌ನಿಂದ ಇದು ಅಪರಾಧ ಕಾನೂನಿನಲ್ಲಿ ಪ್ರತ್ಯೇಕ ಅಪರಾಧವಾಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

‘4+4’ ಗಲಾಟೆಗೆ ಅಷ್ಟು ಬೆಂಕಿ ಹತ್ತಿದ್ದು ಈ ಹಿನ್ನೆಲೆಯಲ್ಲಿ. ಜನ ಬೈದದ್ದು ಒಬ್ಬ ವೈದ್ಯೆಗೆ ಮಾತ್ರವಲ್ಲ, ಅಂಕದ ಸಾಲಿನಲ್ಲಿ ನಿಲ್ಲದೆ ಒಳಗೆ ಹೋಗುವ ದಾರಿಗೆ.

ಕಷ್ಟಪಡುವವರೇ ಪರೀಕ್ಷೆ ಪರ ಯಾಕೆ

ಇಲ್ಲಿಯೇ ಹೊರಗಿನವರಿಗೆ ಗೊಂದಲ. ಈ ಪರೀಕ್ಷೆ ಮಕ್ಕಳನ್ನು ಹಿಂಡುತ್ತದೆ. ಹೆಬೈ ಪ್ರಾಂತ್ಯದ ಹೆಂಗ್‌ಶುಯಿ ಹೈಸ್ಕೂಲು, ಆನ್‌ಹುಯಿ ಪ್ರಾಂತ್ಯದ ಬೆಟ್ಟದೂರು ಮಾವೊತಾನ್‌ಚಾಂಗ್‌ನ ಶಾಲೆ, ಇವಕ್ಕೆಲ್ಲ ಪರೀಕ್ಷಾ ಕಾರ್ಖಾನೆ ಎಂದೇ ಹೆಸರು. ಬೆಳಗಾಗುವ ಮೊದಲೇ ಎದ್ದು ಓಡುತ್ತಾ ಪುಸ್ತಕ ಓದುವ ಮಕ್ಕಳು. ‘ಒಂದು ಅಂಕ ಏರಿಸು, ಸಾವಿರ ಜನರನ್ನು ಹಿಂದೆ ಹಾಕು’ ಎಂಬ ಧಾಟಿಯ ಘೋಷಣೆಗಳು. ಹೆನಾನ್‌ನಂಥ ಕಡೆ ಅದು ಉತ್ಪ್ರೇಕ್ಷೆಯೂ ಅಲ್ಲ, ಒಂದೇ ಅಂಕದ ಮೇಲೆ ಸಾವಿರಾರು ಮಂದಿ ಇರುತ್ತಾರೆ. ಆದರೂ ಪರೀಕ್ಷೆ ಸಡಿಲಿಸೋಣ ಎಂದರೆ ಮೊದಲು ಬೇಡ ಎನ್ನುವವರು ಇದೇ ಮಕ್ಕಳ ಅಪ್ಪ ಅಮ್ಮ.

ಅವರ ಲೆಕ್ಕ ಸರಳ. ಪಿಯಾನೊ, ಪ್ರಬಂಧ, ಸಂದರ್ಶನ ಎಲ್ಲವನ್ನೂ ದುಡ್ಡು ಕೊಂಡುಕೊಳ್ಳುತ್ತದೆ. ಅಂಕವನ್ನೂ ಸ್ವಲ್ಪ ಕೊಳ್ಳಬಹುದು, ಆದರೆ ಪೂರ್ತಿ ಆಗುವುದಿಲ್ಲ. ಹೆಸರು ಮುಚ್ಚಿದ ಉತ್ತರಪತ್ರಿಕೆಗೆ ಅಪ್ಪ ಯಾರೆಂದು ಗೊತ್ತಿಲ್ಲ. ಸುಧಾರಕರು ಹೇಳುವುದರಲ್ಲೂ ಹುರುಳಿದೆ, ಬರೀ ಬಾಯಿಪಾಠದಿಂದ ಒಳ್ಳೆಯ ವಿಜ್ಞಾನಿ ಹುಟ್ಟುವುದಿಲ್ಲ. ಆದರೆ ಚೀನಾದ ಅನುಭವ ನೋಡಿದರೆ, ಪರೀಕ್ಷೆಯ ಬದಲು ತಂದದ್ದೆಲ್ಲ ಹುಟ್ಟಿನ ಬಲ ಇದ್ದವರ ಕೈಗೇ ಹೋಗಿದೆ. ಬಡವರ ಅನುಮಾನ ಸುಮ್ನೆ ಬಂದದ್ದಲ್ಲ.

ಅಂಕ ಬಂದ ಮೇಲೂ ಮನೆಯ ನೆರಳು ಬಿಡುವುದಿಲ್ಲ. ಯಾವ ಕಾಲೇಜು, ಯಾವ ವಿಷಯ ಎಂದು ಅರ್ಜಿ ತುಂಬುವುದೇ ಒಂದು ವಿದ್ಯೆ. ತಪ್ಪಿದರೆ ಒಳ್ಳೆಯ ಅಂಕವೂ ನೀರುಪಾಲು. ನಗರದವರು ಸಾವಿರಾರು ಯುವಾನ್ ಕೊಟ್ಟು ಸಲಹೆ ಕೊಳ್ಳುತ್ತಾರೆ. ಈ ಸಲಹೆಯಿಂದಲೇ ದೇಶಕ್ಕೆಲ್ಲ ಗೊತ್ತಾದ ಝಾಂಗ್ ಶುಎಫೆಂಗ್ 2023ರಲ್ಲಿ, ಮಗು ಪತ್ರಿಕೋದ್ಯಮ ಓದುತ್ತೇನೆ ಎಂದರೆ ಹೊಡೆದು ಮಲಗಿಸುತ್ತೇನೆ ಎಂಬರ್ಥದ ಮಾತಾಡಿ ದೊಡ್ಡ ಚರ್ಚೆಗೆ ಕಾರಣರಾದರು. ಪ್ರಾಧ್ಯಾಪಕರು ಸಿಟ್ಟಾದರು, ಸಾಮಾನ್ಯ ಜನ ಚಪ್ಪಾಳೆ ತಟ್ಟಿದರು. ಬೆನ್ನ ಹಿಂದೆ ಯಾರೂ ಇಲ್ಲದ ಮಗು ಮೊದಲು ಕೆಲಸ ಸಿಗುವುದನ್ನು ಓದಬೇಕು, ಇಷ್ಟದ ಓದು ಅನುಕೂಲಸ್ಥರಿಗೆ ಎಂಬುದು ಝಾಂಗ್ ಅವರ ಧೋರಣೆಯಾಗಿತ್ತು.

ಸೀಟು ಹಂಚಿದರೆ ಯಾರಿಗೆ ನೋವು

ಸರ್ಕಾರ ಕೈಕಟ್ಟಿ ಕೂತಿಲ್ಲ. 2012ರಲ್ಲಿ ಬಡ ಕೌಂಟಿಗಳ (ನಮ್ಮ ತಾಲ್ಲೂಕು, ಜಿಲ್ಲೆಯಂಥ ಆಡಳಿತ ಭಾಗಗಳ) ಮಕ್ಕಳಿಗೆಂದೇ ವರ್ಷಕ್ಕೆ 10 ಸಾವಿರ ಸೀಟು ಮೀಸಲಿಡುವ ವಿಶೇಷ ಯೋಜನೆ ಶುರು ಮಾಡಿತು. ನಂತರ ಅದನ್ನು ಹಲವು ಪಟ್ಟು ಹಿಗ್ಗಿಸಿತು, ವಿಶ್ವವಿದ್ಯಾಲಯಗಳದ್ದೂ ಪ್ರಾಂತ್ಯಗಳದ್ದೂ ಸೇರಿ ಮೂರು ಯೋಜನೆಗಳಾದವು. ಹಳ್ಳಿಯ ಮಕ್ಕಳ ಪಾಲು ಮೇಲಿನ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಸ್ವಲ್ಪ ಏರಿದ್ದಕ್ಕೆ ಇದು ಮುಖ್ಯ ಕಾರಣ. ಆದರೆ ಲಾಭ ಪಡೆಯುವುದು ಆ ಕೌಂಟಿಗಳ ಪೈಕಿಯೂ ಪಟ್ಟಣದ ಒಳ್ಳೆಯ ಹೈಸ್ಕೂಲಿನ ಮಕ್ಕಳೇ ಎಂಬ ತಕರಾರು ಇದೆ. ಹದಿನೈದಕ್ಕೇ ಜರಡಿಯಿಂದ ಬಿದ್ದ ಮಗುವಿಗೆ ಹದಿನೆಂಟರ ಮೀಸಲಾತಿ ಏನು ಮಾಡೀತು?

ಪ್ರಾಂತ್ಯದ ಪಾಲು ಮುಟ್ಟಿದರೆ ಏನಾಗುತ್ತದೆ ಎಂದು 2016ರ ಮೇ ತಿಂಗಳು ತೋರಿಸಿಕೊಟ್ಟಿತು. 12 ಪ್ರಾಂತ್ಯ, ನಗರಗಳ ಕಾಲೇಜುಗಳು 1.6 ಲಕ್ಷ ಸೀಟುಗಳನ್ನು ಹಿಂದುಳಿದ ಕಡೆಯ ಮಕ್ಕಳಿಗೆ ಬಿಡಬೇಕು ಎಂದು ಸಚಿವಾಲಯ ಹೇಳಿತು. ಜಿಯಾಂಗ್‌ಸು 38 ಸಾವಿರ, ಹುಬೈ 40 ಸಾವಿರ. ಈ ಎರಡು ಪ್ರಾಂತ್ಯಗಳ ರಾಜಧಾನಿಗಳಾದ ನಾನ್‌ಜಿಂಗ್, ವೂಹಾನ್ ಬೀದಿಗಳಲ್ಲಿ ಪೋಷಕರು ಸೇರಿಬಿಟ್ಟರು. ನಮ್ಮ ಮಕ್ಕಳ ಸೀಟು ಕಿತ್ತುಕೊಳ್ಳಬೇಡಿ ಎಂಬ ಕೂಗು. ಸ್ಥಳೀಯ ಮಕ್ಕಳ ಸೀಟು ಕಡಿಮೆ ಆಗುವುದಿಲ್ಲ ಎಂದು ಅಧಿಕಾರಿಗಳು ಭರವಸೆ ಕೊಡಬೇಕಾಯಿತು. ಅವರ ಸಿಟ್ಟಿನಲ್ಲಿ ಒಂದು ಅಂಶ ಗಮನಿಸಬೇಕು. ಬೀಜಿಂಗ್, ಶಾಂಘೈ ಯಾಕೆ ಅಷ್ಟು ಬಿಟ್ಟುಕೊಡುವುದಿಲ್ಲ ಎಂದೂ ಅವರು ಕೇಳುತ್ತಿದ್ದರು. ಹುಕೌ ಸಡಿಲಿಸುವುದಕ್ಕೆ ಅಡ್ಡಿ ಇರುವುದೂ ಇಲ್ಲೇ. ಅದರ ಲಾಭ ಪಡೆಯುತ್ತಿರುವವರು ದೊಡ್ಡ ನಗರಗಳ ಮಧ್ಯಮ ವರ್ಗ. ಸರ್ಕಾರಕ್ಕೆ ಅವರ ಸಿಟ್ಟು ಬೇಡ.

2034ರವರೆಗೆ

ಮುಂದೆ ಏನು? ಹುಟ್ಟುವವರ ಸಂಖ್ಯೆ ಕುಸಿಯುತ್ತಿದೆ, ಪೈಪೋಟಿ ತಾನಾಗಿ ತಗ್ಗುತ್ತದೆ ಅನ್ನುವವರಿದ್ದಾರೆ. 2023ರಲ್ಲಿ ಚೀನಾದಲ್ಲಿ ಹುಟ್ಟಿದ್ದು 90 ಲಕ್ಷ ಮಕ್ಕಳು. ಆದರೆ 2016ರಲ್ಲಿ ಹುಟ್ಟಿದವರು ಸುಮಾರು 1.79 ಕೋಟಿ. ಅವರಿಗೆ ಹದಿನೆಂಟು ತುಂಬುವುದು 2034ಕ್ಕೆ. ಅಲ್ಲಿಯವರೆಗೆ ಸಾಲು ಉದ್ದವೇ. ಅಷ್ಟರಲ್ಲಿ ಬರೀ ಪದವಿಯ ಬೆಲೆ ಇನ್ನಷ್ಟು ಇಳಿದಿರುತ್ತದೆ. ನಗರದ ಯುವಕರ ನಿರುದ್ಯೋಗ 2023ರ ಜೂನ್‌ನಲ್ಲಿ ನೂರಕ್ಕೆ 21 ದಾಟಿದಾಗ ಸರ್ಕಾರ ಅಂಕಿ ಅಂಶ ಪ್ರಕಟಿಸುವುದನ್ನೇ ಕೆಲವು ತಿಂಗಳು ನಿಲ್ಲಿಸಿತ್ತು. ಎಲ್ಲರ ಕೈಯಲ್ಲೂ ಪದವಿ ಇದ್ದಾಗ ಕಂಪನಿಗಳು ಯಾವ ಕಾಲೇಜಿನ ಪದವಿ ಎಂದು ನೋಡುತ್ತವೆ. ಆಗ 985ರ ಸೀಟಿಗೆ ಗುದ್ದಾಟ ಇನ್ನೂ ಜಾಸ್ತಿಯಾಗುತ್ತದೆ, ಕಡಿಮೆ ಆಗುವುದಿಲ್ಲ.

2016ರ ಆ ಮಕ್ಕಳು ಈಗ ಪ್ರಾಥಮಿಕ ಶಾಲೆಯಲ್ಲಿದ್ದಾರೆ. ಕೆಲವರು ಬೀಜಿಂಗ್‌ನ ಶಾಲಾ ವಲಯದ ಮನೆಗಳಲ್ಲಿ, ಕೆಲವರು ಹೆನಾನ್‌ನಲ್ಲಿ ಅಜ್ಜಿಯ ಬಳಿ. ಗಾವೊಕಾವೊಗೆ ಇನ್ನೂ ವರ್ಷಗಳಿವೆ. ಹುಕೌ ಪುಸ್ತಕದಲ್ಲಿ ಅವರವರ ಪುಟ ಮಾತ್ರ ಹುಟ್ಟಿದ ವರ್ಷವೇ ಬರೆದಾಗಿದೆ.